ಸೊನ್ನೆ ಬರೆಯುವ ಸೋಮವಾರ

ಘಟ್ಟದ ಮೇಲಿನ ಆರೋಗ್ಯ ಉಪಕೇಂದ್ರವೊಂದರಲ್ಲಿ ನಾನು ಎಎನ್‌ಎಂ ಆಗಿದ್ದೆ. ಊರವರ ಬಾಯಲ್ಲಿ ಸಿಸ್ಟರಕ್ಕ. ಸೋಮವಾರ ಬಂತೆಂದರೆ ಎಸ್ ಫಾರಂ. ಹೋದ ವಾರ ಎಷ್ಟು ಜನಕ್ಕೆ ಜ್ವರ, ಎಷ್ಟು ಜನಕ್ಕೆ ಮೂರು ವಾರದೊಳಗಿನ ಕೆಮ್ಮು, ಎಷ್ಟು ಜನಕ್ಕೆ ಭೇದಿ. ಯಾರಿಗೂ ಏನೂ ಇಲ್ಲದಿದ್ದರೂ ಖಾಲಿ ಬಿಡುವ ಹಾಗಿಲ್ಲ, ಸೊನ್ನೆ ಬರೆದೇ ಕಳಿಸಬೇಕು. ನಿಲ್ ರಿಪೋರ್ಟ್ ಅನ್ನುತ್ತಿದ್ದೆವು. ಏನೂ ಇಲ್ಲ ಎನ್ನಲಿಕ್ಕೂ ಒಂದು ಫಾರಮ್ಮೇ ಎಂದು ಮೊದಮೊದಲು ನಗು ಬರುತ್ತಿತ್ತು.

ಒಂದು ಆಷಾಢದಲ್ಲಿ ಹಳ್ಳದ ಸಂಕ ಕೊಚ್ಚಿಹೋಯಿತು. ಆಚೆ ಹನ್ನೊಂದು ಮನೆ. ಹೋಗಲಿಲ್ಲ. ಸೋಮವಾರ ಕೆಮ್ಮಿನ ಕಾಲಮ್ಮಿನಲ್ಲಿ ದುಂಡಗೆ ಸೊನ್ನೆ ಬರೆದೆ. ಜಗಲಿಯಲ್ಲಿ ಕವಳಕ್ಕೆ ಅಡಿಕೆ ಕತ್ತರಿಸುತ್ತಿದ್ದ ಅಪ್ಪ ಅದನ್ನು ನೋಡಿದ. ಪಾಠಶಾಲೆಯಲ್ಲಿ ವೇದಾಂತ ಓದಿ ಬಂದು ತೋಟ ಮಾಡಿದವ.

“ಕೂಸೇ, ಇಲ್ಲೆ ಅಂತ ಬರದ್ಯಲೇ, ನೋಡಿ ಬಂದ್ಯನೇ?”

ಯಾರೂ ಬಂದು ಹೇಳಿಲ್ಲ ಎಂದೆ. ಅಪ್ಪ ಅಡಕತ್ತರಿ ಕೆಳಗಿಟ್ಟು ಕೊಡದ ಕಥೆ ತೆಗೆದ. ನೆಲದ ಮೇಲೆ ಕೊಡ ಇಲ್ಲ ಅಂತ ನಮಗೆ ತಿಳಿಯುವುದು ಹೇಗೆ? ಕಣ್ಣಿಗೇ ತಿಳಿಯುತ್ತದೆ ಎಂದರು ನೈಯಾಯಿಕರು. ಅಲ್ಲಿರುವುದು ಬರೀ ನೆಲ, ‘ಇಲ್ಲ’ ಎಂಬ ಬೇರೆ ಪದಾರ್ಥವೇ ಇಲ್ಲ ಎಂದರು ಪ್ರಾಭಾಕರರು. ಕುಮಾರಿಲ ಭಟ್ಟನ ಕಡೆಯವರೂ ಅದ್ವೈತಿಗಳೂ ಅದನ್ನು ತಿಳಿಯಲಿಕ್ಕೆ ಒಂದು ಪ್ರತ್ಯೇಕ ಪ್ರಮಾಣವನ್ನೇ ಕೊಟ್ಟರು: ಅನುಪಲಬ್ಧಿ, ಅಂದರೆ ಕಾಣಸಿಗದಿರುವುದು. ಆದರೆ ಕರಾರು ಉಂಟು. ಕೊಡ ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಅನ್ನುವಷ್ಟು ಬೆಳಕಿರಬೇಕು, ಕಣ್ಣು ಅತ್ತ ಇರಬೇಕು. ದೇವರು ಕಾಣಲಿಲ್ಲ, ಆದ್ದರಿಂದ ದೇವರಿಲ್ಲ ಎನ್ನುವವರಿಗೂ ಅಪ್ಪನ ಉತ್ತರ ಇದೇ. ಇದರಿಂದ ದೇವರಿದ್ದಾನೆ ಎಂದೂ ಆಗುವುದಿಲ್ಲ ಎಂದು ತಾನೇ ಸೇರಿಸುತ್ತಿದ್ದ.

“ನಿನ್ನ ಸೊನ್ನೆ ಕತ್ತಲೆ ಕೋಣೆದು” ಎಂದು ಮತ್ತೆ ಅಡಿಕೆ ಕೈಗೆತ್ತಿಕೊಂಡ.

ಅಪ್ಪ ಹೋಗಿ ಬಹಳ ವರ್ಷವಾಯಿತು. ಫಾರಂ ಹೋಗಿ ಐಎಚ್‌ಐಪಿ ಪೋರ್ಟಲ್ ಬಂದಿದೆ. ಆದರೆ ಯಮಗಾಟದ ಸುದ್ದಿ ಓದಿದಾಗ ಆ ಕೊಡ ಮತ್ತೆ ಎದುರಿಗೆ ಬಂತು. ಫ್ಲೂ ಬಿ ವೈರಸ್ಸಿಗೆ ಎರಡು ವಂಶ, ವಿಕ್ಟೋರಿಯಾ ಮತ್ತು ಯಮಗಾಟ. 2020ರ ಮಾರ್ಚ್‌ನ ನಂತರ ಯಮಗಾಟ ಸಹಜವಾಗಿ ಹರಡಿದ್ದು ಜಗತ್ತಿನ ಎಲ್ಲೂ ಖಚಿತವಾಗಿಲ್ಲ. ಮೊದಮೊದಲು ಎಲ್ಲರೂ ಕೋವಿಡ್ ಹಿಂದೆ ಬಿದ್ದಿದ್ದರು, ಕೋಣೆಯಲ್ಲಿ ಬೆಳಕು ಕಮ್ಮಿ ಎನ್ನಬಹುದಿತ್ತು. ಆಮೇಲೆ ಅದೇ ಮೂಗು, ಅದೇ ಗಂಟಲು ಒರೆಸಿದ ಕಡ್ಡಿಗಳಲ್ಲಿ ಎಚ್3ಎನ್2 ಸಿಕ್ಕಿತು, ವಿಕ್ಟೋರಿಯಾ ಸಿಕ್ಕಿತು, ಯಮಗಾಟ ಮಾತ್ರ ಸಿಗಲಿಲ್ಲ. 1952ರಿಂದ ಫ್ಲೂ ಕಾಯುತ್ತಿರುವ ವಿಶ್ವ ಆರೋಗ್ಯ ಸಂಸ್ಥೆಯ ಜಾಲ ಇಷ್ಟು ನೋಡಿದ ಮೇಲೆಯೇ, 2023ರ ಸೆಪ್ಟೆಂಬರಿನಲ್ಲಿ, ಲಸಿಕೆಯಲ್ಲಿ ಇನ್ನು ಅದು ಬೇಡ ಎಂದಿತು. ಅಳಿದೇಹೋಯಿತು ಎಂದು ಆಗಲೂ ಅನ್ನಲಿಲ್ಲ. ಆ ಎಚ್ಚರ ನನಗೆ ಇಷ್ಟವಾಯಿತು.

ಆ ಆಷಾಢದಲ್ಲಿ ನಾನೇನೂ ಅಪ್ಪನ ಮಾತಿಗೆ ಆಗಿಂದಾಗಲೇ ಎದ್ದು ಹೊರಟವಳಲ್ಲ. ಬುಧವಾರ ಮಳೆ ಹೊಳವಾದ ಮೇಲೆ ಸುತ್ತುದಾರಿಯಲ್ಲಿ ಹೋದೆ. ಹನ್ನೊಂದರಲ್ಲಿ ಏಳು ಮನೆಯಲ್ಲಿ ಕೆಮ್ಮು. ಒಲೆಯ ಮೇಲೆ ಕಾಳುಮೆಣಸಿನ ಕಷಾಯ. “ಥಂಡಿ ಜ್ವರ, ಇದಕ್ಕೆಲ್ಲ ನಿಮ್ಮನ್ನ ಕರೀತಾರಾ ಸಿಸ್ಟರಕ್ಕಾ?” ಎಂದು ನನಗೇ ಒಂದು ಲೋಟ ಕೊಟ್ಟರು.

ಮುಂದಿನ ಸೋಮವಾರ ಹದಿನಾಲ್ಕು ಎಂದು ಬರೆದೆ. ಮಧ್ಯಾಹ್ನವೇ ಮೇಲಿನಿಂದ ಫೋನು: ಸೊನ್ನೆ ಇದ್ದದ್ದು ಒಂದೇ ವಾರಕ್ಕೆ ಹದಿನಾಲ್ಕು ಹೇಗಾಯಿತು, ಏನು ಹಬ್ಬಿದೆ ಅಲ್ಲಿ?

ಹೋದ ವಾರ ಸಂಕ ಇರಲಿಲ್ಲ ಸಾರ್, ಎಂದೆ.