ಹಾಳಾದ ಹಾಳೆಯ ಬೆಲೆ ಯಾರದು?

ದೊಡ್ಡ ಅಳತೆಯ ಚಿತ್ರಗಳನ್ನು ಮುದ್ರಿಸುವ ಅಂಗಡಿಗಳು ಇಂದು ನಮ್ಮ ಸಣ್ಣ ಪೇಟೆಗಳಲ್ಲಿಯೂ ಕಾಣಸಿಗುತ್ತವೆ. ಅಂಗಡಿಯ ನಾಮಫಲಕ, ಮದುವೆಯ ಸ್ವಾಗತ ಫಲಕ, ಊರ ಹಬ್ಬದ ಪ್ರಕಟಣೆ ಎಲ್ಲವೂ ಅಲ್ಲಿ ಸಿದ್ಧವಾಗುತ್ತವೆ. ನೀರು, ಬಿಸಿಲು, ಉಜ್ಜುವಿಕೆಗಳಿಂದ ಮುದ್ರಣ ಬೇಗನೆ ಕೆಡದಿರಲೆಂದು ಅದರ ಮೇಲೆ ತೆಳುವಾದ ಪಾರದರ್ಶಕ ಫಿಲ್ಮ್ ಅಂಟಿಸುವುದುಂಟು. ಬಿಸಿಯ ನೆರವಿಲ್ಲದೆ, ಬರಿಯ ಒತ್ತಡದಿಂದ ಈ ಕೆಲಸ ಮಾಡುವುದು ಕೋಲ್ಡ್ ಲ್ಯಾಮಿನೇಶನ್ ಯಂತ್ರ. ಅದನ್ನು ನಡೆಸಲು ಕಲಿಯುತ್ತಿರುವ ಹುಡುಗನ ಮುಂದೆ ಒಂದು ನೈತಿಕ ಪ್ರಶ್ನೆಯೂ ನಿಂತಿರುತ್ತದೆ.

ಯಂತ್ರದ ತತ್ವ ಸರಳವಾದುದು. ಒಂದರ ಮೇಲೊಂದಿರುವ ಎರಡು ಉದ್ದನೆಯ ರೋಲರ್‌ಗಳ ನಡುವೆ ಮುದ್ರಿತ ಹಾಳೆಯೂ ಫಿಲ್ಮೂ ಒಟ್ಟಾಗಿ ಸಾಗಬೇಕು. ಫಿಲ್ಮಿನ ಅಂಟನ್ನು ಮುಚ್ಚಿರುವ ಕಾಗದವನ್ನು ಸ್ವಲ್ಪಸ್ವಲ್ಪವಾಗಿ ಬಿಡಿಸುತ್ತಾ ಹೋಗಬೇಕು. ರೋಲರಿನ ಎರಡು ತುದಿಗಳಲ್ಲಿಯೂ ಒತ್ತಡ ಸಮನಾಗಿರಬೇಕು. ಒಂದು ಬದಿ ಹೆಚ್ಚಾದರೆ ಹಾಳೆ ಓರೆಯಾಗಿ ಸಾಗಿ ಸುಕ್ಕು ಬೀಳುತ್ತದೆ. ಒಂದು ಧೂಳಿನ ಕಣ ಒಳಗೆ ಸಿಕ್ಕಿದರೂ ಅಲ್ಲಿ ಗುಳ್ಳೆ ಉಳಿಯುತ್ತದೆ. ದ್ರಾವಕ ಬೆರೆತ ಶಾಯಿಯಿಂದ ಮುದ್ರಿಸಿದ್ದಾದರೆ ಸಾಮಾನ್ಯವಾಗಿ 24 ಗಂಟೆಗಳಾದರೂ ಕಾಯಬೇಕು. ಇಲ್ಲವಾದರೆ ಹೊರಹೋಗಬೇಕಾದ ಆವಿ ಒಳಗೇ ಉಳಿದು, ಅಂಟಿನ ಹಿಡಿತ ಸಡಿಲವಾಗಿ ಫಿಲ್ಮ್ ಏಳಬಹುದು.

ಇಷ್ಟನ್ನು ಅರ್ಧ ಗಂಟೆಯಲ್ಲಿ ಹೇಳಿಬಿಡಬಹುದು. ಆದರೆ ಫಿಲ್ಮ್ ಎಷ್ಟು ಬಿಗಿಯಾಗಿರಬೇಕು ಎಂಬುದನ್ನು ಅಂಗೈಯೇ ಅರಿಯಬೇಕು, ಅದಕ್ಕೆ ದಿನಗಳು ಬೇಕು. ಆ ದಿನಗಳಲ್ಲಿ ಹಾಳೆಗಳು ಹಾಳಾಗಿಯೇ ತೀರುತ್ತವೆ. ಒಮ್ಮೆ ಗಟ್ಟಿಯಾಗಿ ಅಂಟಿದ ಫಿಲ್ಮನ್ನು ಮುದ್ರಣಕ್ಕೆ ಧಕ್ಕೆಯಾಗದಂತೆ ಬಿಡಿಸುವುದು ದುಸ್ಸಾಧ್ಯ. ಕಾಗದ, ಶಾಯಿ, ಶ್ರಮ ಎಲ್ಲವೂ ವ್ಯರ್ಥ. ಆ ನಷ್ಟವನ್ನು ಭರಿಸಬೇಕಾದವರು ಯಾರು?

‘ಹಾಳು ಮಾಡಿದವನೇ ಭರಿಸಲಿ’ ಎಂಬ ಉತ್ತರ ಮೇಲ್ನೋಟಕ್ಕೆ ನ್ಯಾಯವೆಂದೇ ತೋರುತ್ತದೆ. ಆದರೆ ನಮ್ಮ ದೇಶದ ಕಾನೂನು ಅದನ್ನು ಹಾಗೆಯೇ ಒಪ್ಪುವುದಿಲ್ಲ. 1936ರ ವೇತನ ಪಾವತಿ ಕಾಯಿದೆಯಾಗಲಿ, 2025ರ ನವೆಂಬರಿನಲ್ಲಿ ಅದರ ಸ್ಥಾನಕ್ಕೆ ಬಂದ 2019ರ ವೇತನ ಸಂಹಿತೆಯಾಗಲಿ ಹೇಳುವುದಿಷ್ಟು: ಕೆಲಸಗಾರನ ನಿರ್ಲಕ್ಷ್ಯ ಅಥವಾ ಲೋಪವೇ ನಷ್ಟಕ್ಕೆ ನೇರ ಕಾರಣವಾಗಿರಬೇಕು, ಸಂಬಳದಲ್ಲಿ ಹಣ ಹಿಡಿಯುವ ಮೊದಲು ಅವನ ವಿವರಣೆಗೆ ಅವಕಾಶ ಕೊಡಬೇಕು. ಸಂತ ತೋಮಸ್ ಅಕ್ವಿನಾಸರೂ 13ನೆಯ ಶತಮಾನದಲ್ಲಿಯೇ ಅರಿಯಲು ಸಾಧ್ಯವಿಲ್ಲದ ಅಜ್ಞಾನವನ್ನೂ, ಅರಿಯಬೇಕಾದುದನ್ನು ಅಲಕ್ಷಿಸಿದ ಅಜ್ಞಾನವನ್ನೂ ಬೇರೆಬೇರೆಯಾಗಿ ತೂಗಿದ್ದರು.

ಈ ತಕ್ಕಡಿಯಲ್ಲಿ ಮೂವರು ಕಲಿಯುವವರನ್ನಿಟ್ಟು ನೋಡೋಣ. ಶಾಯಿ ಒಣಗಬೇಕೆಂದು ಒಬ್ಬನಿಗೆ ಯಾರೂ ಹೇಳಿರಲಿಲ್ಲ. ಅಲ್ಲಿ ಸಾಲ ಕಲಿಸುವವನದು. ಇನ್ನೊಬ್ಬನಿಗೆ ಹೇಳಿದ್ದರೂ ಬೇಗ ಮನೆಗೆ ಹೋಗುವ ಆತುರದಲ್ಲಿ ಹಾಳೆಯನ್ನು ಯಂತ್ರಕ್ಕೆ ಕೊಟ್ಟ. ಅವನು ಉತ್ತರ ಹೇಳಲೇಬೇಕು. ಮೂರನೆಯವನು ಹೇಳಿದ್ದನ್ನೆಲ್ಲ ಪಾಲಿಸಿದ, ಆದರೂ ಸುಕ್ಕು ಬಿತ್ತು. ಅವನ ಕೈ ಇನ್ನೂ ಪಳಗಿಲ್ಲ, ಅಷ್ಟೆ. ಅಲ್ಲಿ ತಪ್ಪು ಯಾರದ್ದೂ ಅಲ್ಲ. ಪಳಗಿದ ಕೈಯ ಲಾಭವನ್ನು ನಾಳೆ ಪಡೆಯಲಿರುವವನೇ ಇಂದಿನ ಆ ವೆಚ್ಚವನ್ನು ಹೊರುವುದು ನ್ಯಾಯ.

‘ಕಲಿತ ಮೇಲೆ ಪಕ್ಕದ ಅಂಗಡಿಗೆ ಹೋಗಿಬಿಡುತ್ತಾನಲ್ಲ’ ಎಂದು ಸಾಲ ಮಾಡಿ ಯಂತ್ರ ತಂದ ಮಾಲೀಕ ಕೇಳಬಹುದು. ಅವನ ಸಂಕಟ ಸುಳ್ಳಲ್ಲ. ಆದರೆ ಅವನ ಕೈಯೂ ಒಂದು ಕಾಲದಲ್ಲಿ ಇನ್ನೊಬ್ಬರ ಹಾಳೆಗಳ ಮೇಲೆ ಪಳಗಿದ್ದಿರಬಹುದು. ಅದೂ ಅಲ್ಲದೆ, ಬೇಡವಾದ ಹಳೆಯ ಮುದ್ರಣಗಳನ್ನೂ ಉಳಿದ ಫಿಲ್ಮಿನ ತುಂಡುಗಳನ್ನೂ ಮೊದಲ ದಿನಗಳ ಅಭ್ಯಾಸಕ್ಕೆ ಕೊಟ್ಟರೆ ನಷ್ಟ ಬಹಳಷ್ಟು ತಗ್ಗುತ್ತದೆ.

ದಂಡದ ಭಯ ಇದಕ್ಕಿಂತ ದೊಡ್ಡ ಕೇಡನ್ನು ತರುತ್ತದೆ. ಸಂಬಳ ಕಡಿತಕ್ಕೆ ಹೆದರಿದ ಹುಡುಗ ದೋಷವನ್ನು ಮರೆಮಾಚಿ ಗ್ರಾಹಕನಿಗೆ ದಾಟಿಸಲು ಕಲಿಯುತ್ತಾನೆ. ಹಾಳೆ ಓರೆಯಾಗುವುದನ್ನು ಕಂಡಾಗ, ಯಂತ್ರ ನಿಲ್ಲಿಸುವ ಗುಂಡಿಯನ್ನು ಒತ್ತುವ ಬದಲು ಅದನ್ನು ಉಳಿಸಲೆಂದು ತಿರುಗುವ ರೋಲರ್‌ಗಳ ಬಳಿಗೆ ಬೆರಳು ಚಾಚುತ್ತಾನೆ. ಸುಕ್ಕಾದ ಹಾಳೆಯನ್ನು ಮತ್ತೆ ಮುದ್ರಿಸಬಹುದು, ಜಜ್ಜಿದ ಬೆರಳನ್ನು ಮುದ್ರಿಸಲಾದೀತೇ? ‘ಹಾಳೆ ಹೋದರೆ ಹೋಗಲಿ, ಮೊದಲು ಯಂತ್ರ ನಿಲ್ಲಿಸು’ ಎಂಬ ಮಾತನ್ನು ಮೊದಲ ದಿನವೇ ಕೇಳಿದವನು ಕೈಯನ್ನೂ ಉಳಿಸಿಕೊಳ್ಳುತ್ತಾನೆ, ಸತ್ಯವನ್ನೂ ಹೇಳುತ್ತಾನೆ. ಕಲಿಯುವವನ ಕರ್ತವ್ಯವೂ ಇಲ್ಲಿಯೇ ಇದೆ: ಗ್ರಾಹಕ ಕಂಡುಹಿಡಿಯುವ ಮೊದಲೇ ‘ಇದು ನನ್ನ ಕೈಯಲ್ಲಿ ಕೆಟ್ಟಿತು’ ಎಂದು ತಾನಾಗಿ ತಿಳಿಸುವುದು.

ತಂದೆತಾಯಿಗಳೇ, ನಿಮ್ಮ ಮಗನೋ ಮಗಳೋ ಇಂತಹ ಕೆಲಸಕ್ಕೆ ಸೇರಿದ್ದರೆ, ಎಷ್ಟು ಸಂಬಳ ಬಂತು ಎಂಬುದರ ಜೊತೆಗೆ ಇಂದು ಏನು ಕೆಟ್ಟಿತು, ಅದನ್ನು ಯಾರಿಗೆ ಹೇಳಿದೆ ಎಂದೂ ಸಮಾಧಾನದಿಂದ ಕೇಳಿರಿ. ಇನ್ನು, ಈ ವಿಷಯದಲ್ಲಿ ಗ್ರಾಹಕರಾದ ನಾವೂ ಹೊರಗಿನವರಲ್ಲ. ಹಬ್ಬದ ಹಿಂದಿನ ಸಂಜೆ ಅಂಗಡಿಗೆ ಓಡಿಹೋಗಿ ‘ಬೆಳಗಾಗುವುದರೊಳಗೆ ಬೇಕು’ ಎಂದು ಪಟ್ಟು ಹಿಡಿಯುತ್ತೇವೆ. ಶಾಯಿ ಒಣಗಲು ಬೇಕಾದ ದಿನವನ್ನು ಕಸಿದುಕೊಂಡವರು ಆಗ ನಾವೇ. ಫಿಲ್ಮ್ ಎದ್ದಾಗ ಬೈಗುಳ ತಿನ್ನುವವನು ಮಾತ್ರ ಆ ಹುಡುಗ. ಮುಂದಿನ ಹಬ್ಬದ ಫಲಕವನ್ನು ಎರಡು ದಿನ ಮೊದಲೇ ಹೇಳಿಡೋಣ.