ನಂಬಿ ಕುಡಿವ ನೀರು

ತಾನು ನಿರ್ದುಷ್ಟವೆಂದು ಮನಸಾರೆ ನಂಬಿದ ವಸ್ತುವನ್ನು ಒಬ್ಬನು ಪರರಿಗೆ ಕೊಟ್ಟು, ಅದರಿಂದ ಅವರಿಗೆ ಕೇಡಾದರೆ, ಕೊಟ್ಟವನು ದೋಷಿಯೋ ಅಲ್ಲವೋ? ವಂಚನೆಯ ಬುದ್ಧಿಯಿಲ್ಲದೆಡೆಯಲ್ಲಿ ಪಾಪವೆಲ್ಲಿಯದು ಎಂದು ಕೇಳುವವರುಂಟು. ಪ್ರಶ್ನೆಯು ಸುಲಭವೆಂದು ತೋರಿದರೂ ಊರಿಗೆಲ್ಲ ನೀರೆರೆಯುವವನ ವಿಷಯದಲ್ಲಿ ಅದು ಬಹು ಸೂಕ್ಷ್ಮವಾದುದು.

ಕೆನಡಾ ದೇಶದ ಆಂಟೇರಿಯೊ ಪ್ರಾಂತದಲ್ಲಿ ವಾಕರ್ಟನ್ ಎಂಬ ಚಿಕ್ಕ ಪಟ್ಟಣವಿದೆ. 2000ನೆಯ ಇಸವಿಯಲ್ಲಿ ಅಲ್ಲಿ ಸುಮಾರು 4,800 ಜನರಿದ್ದರು. ಕುಡಿಯುವ ನೀರು ಬಾವಿಗಳಿಂದ ಬರುತ್ತಿದ್ದಿತು. ಆ ವರ್ಷದ ಮೇ ತಿಂಗಳಲ್ಲಿ ಭಾರಿ ಮಳೆ ಸುರಿದು, ನೆರೆಯ ಹೊಲಕ್ಕೆ ಹಾಕಿದ್ದ ಸಗಣಿಗೊಬ್ಬರದ ಕ್ರಿಮಿಗಳು ಆಳವಿಲ್ಲದ ಒಂದು ಬಾವಿಯನ್ನು ಸೇರಿದವು. 7 ಜನರು ಮಡಿದರು. ಸುಮಾರು 2,300 ಜನರು ರೋಗಪೀಡಿತರಾದರು. ಗೊಬ್ಬರ ಹಾಕಿದ ರೈತನಲ್ಲಿ ವಿಚಾರಣಾ ಆಯೋಗವು ತಪ್ಪನ್ನು ಕಾಣಲಿಲ್ಲ. ಅವನು ತನ್ನ ಬೇಸಾಯವನ್ನು ಕ್ರಮದಂತೆಯೇ ನಡೆಸಿದ್ದನು.

ನೀರಿಗೆ ಕ್ಲೋರಿನ್ ಬೆರೆಸಿ, ಸ್ವಲ್ಪ ಹೊತ್ತಿನ ಮೇಲೆ ಅದು ಎಷ್ಟು ಉಳಿದಿದೆಯೆಂದು ನಿತ್ಯವೂ ಅಳೆಯಬೇಕು. ತಕ್ಕಷ್ಟು ಉಳಿದಿದ್ದರೆ ಕ್ರಿಮಿನಾಶಕ್ಕೆ ಔಷಧವು ಸಾಕಾಯಿತೆಂದು ತಿಳಿಯಬೇಕು; ಉಳಿಯದಿದ್ದರೆ ಔಷಧವು ಸಾಲದಾಯಿತು, ಇಲ್ಲವೇ ಯಾವುದೋ ಮಾಲಿನ್ಯವು ಅದನ್ನು ನುಂಗಿತೆಂದು ತಿಳಿಯಬೇಕು. ಆದುದರಿಂದ ಆ ಅಂಕಿಯು ಬರಿಯ ಲೆಕ್ಕವಲ್ಲ. ನೀರು ತನ್ನ ಸ್ಥಿತಿಯನ್ನು ತಾನೇ ಹೇಳಿಕೊಳ್ಳುವ ಮಾತು. ವಾಕರ್ಟನ್ನಿನ ನೀರಿನ ಅಧಿಕಾರಿಗಳಾದರೋ ಹಲವು ವರ್ಷಗಳಿಂದ, ಬಹುತೇಕ ದಿನ ಅಳೆಯದೆಯೇ, ಲೀಟರಿಗೆ 0.5 ಅಥವಾ 0.75 ಮಿಲಿಗ್ರಾಂ ಎಂದು ಪುಸ್ತಕದಲ್ಲಿ ಬರೆದುಬಿಡುತ್ತಿದ್ದರು. ಔಷಧವನ್ನೂ ಕಡಿಮೆ ಹಾಕುತ್ತಿದ್ದರು. ವಿಸ್ಮಯವೆಂದರೆ ಅವರು ಸ್ವತಃ ಸಂಸ್ಕರಿಸದ ನೀರನ್ನೇ ಕುಡಿಯುತ್ತಿದ್ದರು. ಅದು ಶುದ್ಧವೆಂದೇ ನಂಬಿದ್ದರು.

ಧರ್ಮಸೂಕ್ಷ್ಮವಿರುವುದು ಇಲ್ಲಿಯೇ. ತನ್ನ ದೇಹವನ್ನು ತನ್ನ ನಂಬಿಕೆಗೆ ಒಪ್ಪಿಸುವ ಅಧಿಕಾರವು ಒಬ್ಬನಿಗಿರಬಹುದು. ನೆರೆಮನೆಯ ಕೂಸಿನ ದೇಹವನ್ನು ಒಪ್ಪಿಸುವ ಅಧಿಕಾರವಿಲ್ಲ. ಮೇಲಾಗಿ ನಂಬಿಕೆಯು ನಿಜವಾಗಿದ್ದ ಪಕ್ಷದಲ್ಲಿ ‘ಇಂದು ಅಳೆಯಲಿಲ್ಲ’ ಎಂದು ಬರೆಯಲು ಅಡ್ಡಿಯೇನಿದ್ದಿತು? ಅಳೆಯದಿರುವುದು ಸೋಮಾರಿತನ, ಅಳೆದಂತೆ ಬರೆಯುವುದು ಬೇರೊಂದು ಜಾತಿಯ ದೋಷ. ಅದು ಪರರು ಸಂಶಯಪಡುವ ದಾರಿಯನ್ನೇ ಮುಚ್ಚುತ್ತದೆ. ಕಾಯಕವೆಂಬ ಶಬ್ದವನ್ನು ದಿನವೂ ಉಚ್ಚರಿಸುವವರು, ಯಾರೂ ನೋಡದ ಪಂಪುಮನೆಯಲ್ಲಿ ಅದಕ್ಕೆ ಏನರ್ಥವೆಂದು ಯೋಚಿಸುವುದು ಕಡಿಮೆ.

ಮೇ 17ರಂದು ನೀರು ಕೆಟ್ಟಿದೆಯೆಂಬ ಪರೀಕ್ಷಾಫಲವು ಮುಖ್ಯಾಧಿಕಾರಿಯ ಕೈಸೇರಿತು. ಆ ಕ್ಷಣದಿಂದ ನಂಬಿಕೆಯ ನೆಪವೂ ಉಳಿಯಲಿಲ್ಲ. ಆದರೂ ಆರೋಗ್ಯಾಧಿಕಾರಿಗಳು ವಿಚಾರಿಸಿದಾಗ ನೀರು ಸರಿಯಾಗಿದೆಯೆಂದೇ ಉತ್ತರ ಬಂದಿತು. ಹಳೆಯ ಸುಳ್ಳಂಕಿಗಳು ಬಯಲಾಗುವ ಭಯವು ಹೊಸ ಸುಳ್ಳನ್ನು ಬೇಡಿತು. ಅವರು ಉತ್ತರವನ್ನು ನೆಚ್ಚಿ ಕೂರದೆ 21ರಂದು, ನೀರನ್ನು ಕುದಿಸಿ ಕುಡಿಯಿರೆಂದು ತಾವೇ ಸಾರಿದರು. 2004ರಲ್ಲಿ ಮುಖ್ಯಾಧಿಕಾರಿಗೆ ಒಂದು ವರ್ಷದ ಸೆರೆಯೂ, ಅವನ ತಮ್ಮನಿಗೆ ಒಂಬತ್ತು ತಿಂಗಳ ಗೃಹಬಂಧನವೂ ಆಯಿತು.

ಇನ್ನೊಂದು ಮಾತುಂಟು. ಕ್ಲೋರಿನ್ನಿನ ರುಚಿ ಬೇಡವೆಂದು ಆ ಊರಿನ ಗೃಹಸ್ಥರೇ ದೂರುತ್ತಿದ್ದರು. ಭಾರತದ ಮಾನಕದಂತೆ, ಕ್ಲೋರಿನ್ ಬೆರೆಸಿದ ನೀರು ಮನೆಯ ನಲ್ಲಿಗೆ ಬಂದಾಗ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಆ ಅಲ್ಪ ವಾಸನೆಗೆ ಮೂಗು ಮುರಿಯುವವರು ಕನ್ನಡನಾಡಿನ ಊರುಗಳಲ್ಲಿಯೂ ಉಂಟು. ನೀರು ಬಿಡುವವನ ಕಿವಿಗೆ ಆ ದೂರು ಬೀಳುತ್ತದೆ. ಇಂದು ಅಳೆದೆಯಾ ಎಂಬ ಪ್ರಶ್ನೆಯು ಬೀಳುವುದು ಅಪೂರ್ವ.