ಪರಿಹಾರದ ಹಣ ಮತ್ತು ಸತ್ಯಾಣುವ್ರತ

ಅಪಘಾತದಲ್ಲಿ ಗಾಯಗೊಂಡವನು ಪರಿಹಾರವನ್ನು ಕೇಳುವುದು ಧರ್ಮಸಮ್ಮತವೇ? ಅವನಿಗೆ ನೆರವಾಗಲೆಂದು ಘಟನೆಯ ವಿವರವನ್ನು ಸ್ವಲ್ಪ ತಿದ್ದಿ ಬರೆಯಿಸುವುದು ಕರುಣೆಯೋ ಅಸತ್ಯವೋ? ಮೋಟಾರು ವಾಹನವು ಮನೆಮನೆಯ ವ್ಯವಹಾರದಲ್ಲಿ ಸೇರಿಹೋಗಿರುವ ಈ ಕಾಲದಲ್ಲಿ ಶ್ರಾವಕನಾದವನು ಈ ಎರಡು ಪ್ರಶ್ನೆಗಳಿಂದ ತಪ್ಪಿಸಿಕೊಳ್ಳಲಾರನು.

ಪಿರಿಯಾಪಟ್ಟಣದ ಸೀಮೆಯನ್ನೇ ನೋಡಬಹುದು. ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣಗಳ ಮಾರ್ಗವಾಗಿ ಮಡಿಕೇರಿಯತ್ತ ಸಾಗುವ 275ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಹಗಲಿರುಳೂ ವಾಹನಸಂಚಾರವಿದೆ. ಹೊಗೆಸೊಪ್ಪನ್ನು ಹರಾಜಿಗೆ ಒಯ್ಯುವ ದಿನಗಳಲ್ಲಂತೂ ಸರಕಿನ ವಾಹನಗಳ ಓಡಾಟ ಹೆಚ್ಚು. ಬೇರೊಬ್ಬರ ಹೊಲದಲ್ಲಿ ಕೆಲಸ ಮುಗಿಸಿ ಊರಿಗೆ ಮರಳುತ್ತಿದ್ದ ಕೂಲಿಯವನೊಬ್ಬನನ್ನು ವರ್ತಕನೊಬ್ಬನ ಸರಕಿನ ವಾಹನದವನು ದಾರಿಯಲ್ಲಿ ಹತ್ತಿಸಿಕೊಂಡನೆಂದೂ, ಅತಿವೇಗದಿಂದ ವಾಹನ ಮಗುಚಿ ಕೂಲಿಯವನ ಕಾಲು ಮುರಿಯಿತೆಂದೂ ಭಾವಿಸೋಣ.

ಆ ನೋವು ಅವನ ಅಸಾತಾವೇದನೀಯ ಕರ್ಮದ ಉದಯ, ಅದಕ್ಕೆ ಹಣ ಕೇಳುವುದೇಕೆ ಎನ್ನುವವರುಂಟು. ಇದು ಕರ್ಮಸಿದ್ಧಾಂತದ ದುರುಪಯೋಗ. ಕರ್ಮೋದಯದ ಚಿಂತನೆಯು ನೋವುಂಡವನಿಗೆ ಸಮತಾಭಾವವನ್ನು ಕೊಡುವುದಕ್ಕೆ ಇದೆಯೇ ಹೊರತು, ನೋವಿತ್ತವನ ಋಣವನ್ನು ಅಳಿಸುವುದಕ್ಕಲ್ಲ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮುಂದಿಟ್ಟಿದ್ದಾರೆ. ಕೊಲ್ಲುವ ಇಚ್ಛೆ ಇರಲಿಲ್ಲವೆಂದ ಮಾತ್ರಕ್ಕೆ ಅಜಾಗರೂಕತೆಯ ದೋಷ ಹೋಗುವುದಿಲ್ಲ.

ಗಾಯಾಳುವು ಕ್ಷಮಿಸಬಾರದೇ ಎಂಬುದು ಇನ್ನೊಂದು ಮಾತು. ಕ್ಷಮೆಯೆಂದರೆ ದ್ವೇಷವನ್ನು ಬಿಡುವುದು. ಬರಬೇಕಾದ ಬಾಕಿಯನ್ನು ಬಿಡುವುದು ಔದಾರ್ಯ. ಮೊದಲನೆಯದು ಎಲ್ಲರ ಕರ್ತವ್ಯ, ಎರಡನೆಯದು ಶಕ್ತಿಯುಳ್ಳವನಿಗೆ ಮಾತ್ರ ಸಾಧ್ಯ. ದಿನಗೂಲಿಯಿಂದ ಮಕ್ಕಳನ್ನು ಸಾಕುವವನಿಗೆ ಔದಾರ್ಯವನ್ನು ಬೋಧಿಸುವುದು ನಿರ್ದಯೆ. ಸುಪ್ರೀಂ ಕೋರ್ಟು 2010ರ ತೀರ್ಪೊಂದರಲ್ಲಿ ಈ ನಷ್ಟವನ್ನು ಅಳೆಯುವ ಬಗೆಯನ್ನು ವಿವರಿಸಿದೆ. ಎಡಗೈಯನ್ನು ಕಳೆದುಕೊಂಡ ಬಡಗಿಯ ಅಥವಾ ಚಾಲಕನ ಸಂಪಾದನೆ ಪೂರ್ಣವಾಗಿಯೇ ಹೋಗಬಹುದು. ಅದೇ ಗಾಯವಾದ ಸರ್ಕಾರಿ ಗುಮಾಸ್ತನ ಕೆಲಸ ಉಳಿಯಬಹುದು. ಆದುದರಿಂದ ದೇಹದ ಊನವನ್ನಷ್ಟೇ ಅಲ್ಲ, ಆ ಊನದಿಂದ ಅವನ ದುಡಿಮೆಗೆ ಆದ ಹಾನಿಯನ್ನೂ ನೋಡಬೇಕು. ಹೀಗೆ ಲೆಕ್ಕಹಾಕಿ ಕೊಡುವ ಹಣ ಭಿಕ್ಷೆಯಲ್ಲ. ಕೇಳುವುದು ಲೋಭವೂ ಅಲ್ಲ.

ಎರಡನೆಯ ಪ್ರಶ್ನೆ ಇದಕ್ಕಿಂತ ಕಠಿನವಾದುದು. 1994ರ ತಿದ್ದುಪಡಿಯಂತೆ ಸರಕಿನೊಡನೆ ಪ್ರಯಾಣಿಸುವ ಸರಕಿನ ಒಡೆಯನಿಗೆ ವಿಮೆಯ ರಕ್ಷಣೆಯಿದೆ. ಆದರೆ ಸರಕಿನ ವಾಹನದಲ್ಲಿ ಸುಮ್ಮನೆ ಹತ್ತಿದ ಪ್ರಯಾಣಿಕನಿಗೆ ವಿಮಾ ಕಂಪನಿಯು ಹೊಣೆಯಲ್ಲವೆಂದು ಸುಪ್ರೀಂ ಕೋರ್ಟು 2002ರಲ್ಲಿ ನಿರ್ಣಯಿಸಿತು. ಆಗ ಸುತ್ತಲಿನವರು ಸಲಹೆ ಕೊಡುತ್ತಾರೆ: ಅವನು ರಸ್ತೆ ದಾಟುತ್ತಿದ್ದನೆಂದು ಹೇಳಿಬಿಡಿ, ಇಲ್ಲವೇ ಸರಕು ಅವನದೇ ಎಂದು ಬರೆಯಿಸಿ, ಬಡವನಿಗೆ ಹಣ ಬಂದರೆ ಯಾರಿಗೇನು ನಷ್ಟ?

ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಮೂರು ಇಲ್ಲಿ ನೇರವಾಗಿ ಕಾಣುತ್ತವೆ. ಹಾಗೆ ಹೇಳಿಕೊಟ್ಟವನದು ಮಿಥ್ಯೋಪದೇಶ, ಬರೆದುಕೊಟ್ಟವನದು ಕೂಟಲೇಖಕ್ರಿಯೆ, ಬಂದ ಹಣವನ್ನು ಪೂರ್ತಿಯಾಗಿ ಗಾಯಾಳುವಿಗೆ ಮುಟ್ಟಿಸದೆ ನಡುವೆ ಉಳಿಸಿಕೊಂಡವನದು ನ್ಯಾಸಾಪಹಾರದಂಥ ದೋಷ.

ನಷ್ಟವಾದರೂ ಯಾರಿಗೂ ಇಲ್ಲವೆನ್ನುವಂತಿಲ್ಲ. ವಿಮೆಯ ಹಣವು ಸಾವಿರಾರು ಜನರು ಕಟ್ಟಿದ ಕಂತುಗಳ ರಾಶಿ. ಉತ್ತರ ಪ್ರದೇಶದಲ್ಲಿ ಸುಳ್ಳು ಪರಿಹಾರ ಅರ್ಜಿಗಳ ತನಿಖೆಗಾಗಿ ಅಲಹಾಬಾದ್ ಹೈಕೋರ್ಟು 2015ರಲ್ಲಿ ವಿಶೇಷ ತನಿಖಾ ತಂಡವನ್ನು ರಚಿಸಬೇಕಾಯಿತು. ಇಂಥ ಒಂದೊಂದು ಅರ್ಜಿಯೂ ನಿಜವಾದ ಗಾಯಾಳುವಿನ ಮೇಲೆ ಶಂಕೆಯನ್ನು ತರುತ್ತದೆ.

ಇದಕ್ಕಿಂತಲೂ ಮುಖ್ಯವಾದುದು ಆ ಸುಳ್ಳಿನ ಲಾಭ ಯಾರಿಗೆ ಎಂಬ ವಿಚಾರ. ವಿಮಾ ಕಂಪನಿಯು ಹೊಣೆಯಲ್ಲವೆಂದಾದರೆ ಪರಿಹಾರವೇ ಇಲ್ಲವೆಂದು ಅರ್ಥವಲ್ಲ. ವಾಹನದ ಒಡೆಯನು ಕೊಡಬೇಕಾಗುತ್ತದೆ. ಹಾಗಿರುವಾಗ ಬಡವನ ಹೆಸರಿನಲ್ಲಿ ಹೇಳಿದ ಸುಳ್ಳು ವಸ್ತುತಃ ಒಡೆಯನ ಗಂಟನ್ನು ಕಾಯುತ್ತದೆ. ಪರರ ಹಣದಿಂದ ತೋರಿದ ಕರುಣೆ ಅದು. ಶ್ರಾವಕನಾದ ಒಡೆಯನು ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿ, ಪೊಲೀಸರಿಗೆ ನಡೆದದ್ದನ್ನು ನಡೆದಂತೆಯೇ ತಿಳಿಸಿ, ತನ್ನ ಪಾಲಿನದನ್ನು ತಾನೇ ಕೊಡತಕ್ಕದ್ದು. ಒಮ್ಮೆಗೇ ಆಗದಿದ್ದರೆ ಕಂತಿನಲ್ಲಿ ಕೊಡಲಿ. ವ್ಯಾಪಾರದ ಸಾಲವನ್ನು ತೀರಿಸುವವನಿಗೆ ಈ ಸಾಲ ಮಾತ್ರ ಏಕೆ ಭಾರವಾಗಬೇಕು?

ಒಡೆಯನೂ ನಿರ್ಗತಿಕನಾಗಿದ್ದರೆ? ಆಗ ಸತ್ಯಕ್ಕೆ ನಿಜವಾದ ಬೆಲೆ ತೆರಬೇಕಾಗುತ್ತದೆ, ಅದನ್ನು ತೆರುವವನು ಗಾಯಾಳುವೇ. ಇದನ್ನು ಮರೆಮಾಚಿ ಸತ್ಯವನ್ನು ಉಪದೇಶಿಸುವುದು ಸುಲಭ. ಆ ಭಾರವನ್ನು ಸಮಾಜವು ಹಂಚಿಕೊಂಡಾಗ ಮಾತ್ರ ಅಂಥವನಿಗೆ ಸತ್ಯವನ್ನು ಹೇಳೆನ್ನುವ ಅಧಿಕಾರ ಸಮಾಜಕ್ಕೆ ಬರುತ್ತದೆ. ಚತುರ್ವಿಧ ದಾನಗಳಲ್ಲಿ ಔಷಧದಾನವೂ ಒಂದು. ಬಸದಿಯ ಟ್ರಸ್ಟುಗಳು ಪೂಜೆ, ಜೀರ್ಣೋದ್ಧಾರಗಳ ಜೊತೆಗೆ ಇದಕ್ಕೊಂದು ನಿಧಿಯನ್ನು ತೆಗೆದಿಡಬಹುದು.

ಟ್ರಸ್ಟುಗಳು ಗಮನಿಸಬೇಕಾದ ಇನ್ನೊಂದು ವಿಷಯವಿದೆ. ಗಾಯಗೊಂಡ ನೌಕರನಿಗೆ ಹೆಚ್ಚು ಪರಿಹಾರ ಬರಲೆಂದು ಇಲ್ಲದ ಸಂಬಳವನ್ನು ತೋರಿಸಿ ಪತ್ರ ಬರೆದುಕೊಡುವುದೂ ಕೂಟಲೇಖವೇ. ಕೃಷ್ಣರಾಜನಗರ ಸೀಮೆಯ ಚಿಕ್ಕಹನಸೋಗೆಯ ಬಸದಿಯಲ್ಲಿ ಶಾಸನಗಳಿವೆ. ಬರೆದದ್ದು ನಿಜವೆಂಬ ವಿಶ್ವಾಸದಿಂದಲೇ ಅವುಗಳನ್ನು ಇಂದಿಗೂ ಪ್ರಮಾಣವಾಗಿ ಓದುತ್ತೇವೆ. ಧರ್ಮಸಂಸ್ಥೆಯ ಮೊಹರಿಗೂ ಅದೇ ವಿಶ್ವಾಸ ಬೇಕು. ಸುಳ್ಳು ಪತ್ರದ ಬದಲು ನಿಜವಾದ ಸಹಾಯವನ್ನು ಮಾಡಲಿ: ಆಸ್ಪತ್ರೆಯ ಬಿಲ್ಲುಗಳನ್ನೂ ಗಾಯದ ಪ್ರಮಾಣಪತ್ರವನ್ನೂ ಜೋಪಾನ ಮಾಡಿಸಲಿ, 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯು ಅರ್ಜಿಗೆ ಆರು ತಿಂಗಳ ಅವಧಿಯನ್ನು ಹೇಳಿರುವುದರಿಂದ ತಡಮಾಡದೆ ನ್ಯಾಯಮಂಡಳಿಗೆ ಹೋಗುವಂತೆ ತಿಳಿಹೇಳಲಿ.

ಅಹಿಂಸೆಯೂ ಸತ್ಯವೂ ಪರಸ್ಪರ ವಿರೋಧಿಗಳಂತೆ ತೋರುವುದು ಅವೆರಡರ ವೆಚ್ಚವನ್ನು ಬೇರೆಯವರ ಮೇಲೆ ಹಾಕಲು ಹೊರಟಾಗ. ತನ್ನ ಪಾಲನ್ನು ತಾನು ಕೊಡಲು ಸಿದ್ಧನಾದವನಿಗೆ ಎರಡನ್ನೂ ಪಾಲಿಸಲು ಸಾಧ್ಯ.